ಹಿಮಾಲಯಕ್ಕೆ ಹೊರಟಿದ್ದೀರಾ? ಎರಡು ದಿನ ರಜೆ ಹೆಚ್ಚು ಹಾಕಿ



ಏಪ್ರಿಲ್ ಮುಗಿಯುತ್ತಾ ಬಂದ ಹಾಗೆ ನನ್ನ ಕ್ಲಿನಿಕ್‌ನಲ್ಲಿ ಒಂದೇ ಬಗೆಯ ಪ್ರಶ್ನೆ ಶುರುವಾಗುತ್ತದೆ. ಮಗನೋ ಮಗಳೋ ಇಲ್ಲಿ ಕೆಲಸದಲ್ಲಿರುತ್ತಾರೆ. ಹಾಸನದಿಂದಲೋ ಗದಗದಿಂದಲೋ ಅಪ್ಪ-ಅಮ್ಮ ಬೇಸಿಗೆಗೆಂದು ಬಂದಿರುತ್ತಾರೆ. "ಡಾಕ್ಟ್ರೇ, ಅಪ್ಪನಿಗೆ ಸ್ಟೆಂಟ್ ಹಾಕಿ ಎರಡು ವರ್ಷ ಆಯ್ತು, ಆರಾಮಾಗಿದ್ದಾರೆ. ಕೇದಾರನಾಥಕ್ಕೆ ಕರ್ಕೊಂಡು ಹೋಗಬಹುದಾ?" ಕೆಲವರಿಗೆ ಕೇದಾರ, ಕೆಲವರಿಗೆ ಅಮರನಾಥ, ಮಕ್ಕಳಿರುವ ಮನೆಯವರಿಗೆ ಲೇಹ್-ಲಡಾಖ್.

ಇಸಿಜಿ, ಎಕೋ ರಿಪೋರ್ಟ್ ಕೈಗೆ ತೆಗೆದುಕೊಳ್ಳುವ ಮೊದಲು ನಾನು ಕೇಳುವುದು, "ಎಷ್ಟು ದಿನದ ಪ್ಲಾನ್?" ಬಹಳ ಸಲ ಬರುವ ಉತ್ತರ: "ಶುಕ್ರವಾರ ರಾತ್ರಿ ಹೊರಟು ಮಂಗಳವಾರ ವಾಪಸ್. ಅದಕ್ಕಿಂತ ರಜೆ ಸಿಗಲ್ಲ ಸರ್." ತೊಂದರೆ ಶುರುವಾಗುವುದು ಅಲ್ಲಿಂದಲೇ. ಹೃದಯ ಚೆನ್ನಾಗಿರುವವರನ್ನೂ ಎತ್ತರದ ಬೆಟ್ಟ ಮಲಗಿಸುವುದು ಅವಸರದಿಂದ. ಇವತ್ತಿನ ಲೇಖನ ಆ ಅವಸರದ ಬಗ್ಗೆ.

*ಮೇಲೆ ಹೋದರೆ ದೇಹಕ್ಕೆ ಏನಾಗುತ್ತದೆ?*

ಮುಂಬೈನಲ್ಲೂ ಲೇಹ್‌ನಲ್ಲೂ ಗಾಳಿಯಲ್ಲಿರುವ ಆಕ್ಸಿಜನ್ ಪಾಲು ಒಂದೇ, ಶೇ. 21. ಬದಲಾಗುವುದು ಗಾಳಿಯ ಒತ್ತಡ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು. ಅಂದರೆ ಮುಂಬೈನಲ್ಲಿ ಎರಡು ಸಲ ಉಸಿರೆಳೆದಾಗ ಸಿಗುವ ಆಕ್ಸಿಜನ್‌ಗೆ ಲೇಹ್‌ನಲ್ಲಿ ಮೂರು ಸಲ ಉಸಿರೆಳೆಯಬೇಕು. 5,300 ಮೀಟರ್ ದಾಟಿದ ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಅರ್ಧ. ಕೇದಾರನಾಥದ ಎತ್ತರ 3,583 ಮೀಟರ್. ಲೇಹ್‌ಗಿಂತ ಸ್ವಲ್ಪ ಹೆಚ್ಚೇ. ಅಮರನಾಥ ಗುಹೆ 3,888 ಮೀಟರ್. ದೇವಸ್ಥಾನ ಎಂದಕೂಡಲೇ ನಮಗೆ ಎತ್ತರದ ನೆನಪು ಬರುವುದಿಲ್ಲ, ಅಷ್ಟೇ.

ಆಕ್ಸಿಜನ್ ಕಡಿಮೆಯಾದ ಕೂಡಲೇ ದೇಹ ತನ್ನ ಕೆಲಸ ಶುರುಮಾಡುತ್ತದೆ. ಉಸಿರು ಜೋರಾಗುತ್ತದೆ, ಹೃದಯ ಬೇಗ ಬಡಿಯುತ್ತದೆ, ಮೊದಲ ಕೆಲವು ದಿನ ಬಿಪಿ ಸ್ವಲ್ಪ ಏರುತ್ತದೆ. ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಮೂತ್ರ ಹೆಚ್ಚು ಹೋಗುತ್ತದೆ. ಇವೆಲ್ಲ ಹೊಸ ಗಾಳಿಗೆ ಒಗ್ಗಿಕೊಳ್ಳುವ ಪ್ರಯತ್ನಗಳು. ಈ ಒಗ್ಗಿಕೊಳ್ಳುವಿಕೆಗೆ ಗಂಟೆಗಳು ಸಾಲುವುದಿಲ್ಲ, ದಿನಗಳು ಬೇಕು. ಇದನ್ನು ಬೇಗ ಮಾಡಿಸುವ ಯೋಗಾಸನ, ಕಷಾಯ, ಪುಡಿ ಯಾವುದೂ ಇಲ್ಲ.

"ನಾನು ದಿನಾ ಜಿಮ್‌ಗೆ ಹೋಗ್ತೀನಿ, ನನಗೇನಾಗುತ್ತೆ" ಎನ್ನುವ ಯುವಕರೂ ಕೇಳಿಸಿಕೊಳ್ಳಿ. ಮಾಂಸಖಂಡ ಗಟ್ಟಿಯಿದ್ದರೆ ಬೆಟ್ಟ ಹತ್ತುವುದು ಸುಲಭ, ಆದರೆ ಎತ್ತರದ ಕಾಯಿಲೆಯಿಂದ ರಕ್ಷಣೆ ಸಿಗುವುದಿಲ್ಲ. ಗಟ್ಟಿ ಇರುವವರು ಬೇಗ ಬೇಗ ಹತ್ತಿ ಮೊದಲು ಬೀಳುವುದೂ ಉಂಟು.

*ನಮ್ಮ ಸೈನಿಕರು ಕಲಿಸಿದ ಪಾಠ*

1962ರ ಯುದ್ಧದ ಸಮಯದಲ್ಲಿ ಬಯಲುಸೀಮೆಯ ನಮ್ಮ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಏರಿಸಬೇಕಾಯಿತು. ಮುಂದಿನ ವರ್ಷಗಳಲ್ಲಿ ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಎತ್ತರದ ಕಾಯಿಲೆ ಬಂದ 1,925 ಸೈನಿಕರನ್ನು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ವೈದ್ಯರು ನೆನೆಯುವ ಕೆಲಸ ಅದು. ಕಾಯಿಲೆ ಬಿದ್ದವರು ಮುದುಕರಲ್ಲ, ರೋಗಿಗಳಲ್ಲ. ಕವಾಯತು ಮಾಡಿ ಗಟ್ಟಿಯಾದ ಹುಡುಗರು.

ಇಂದು ಸೇನೆ ಏನು ಮಾಡುತ್ತದೆ? ಸಾಮಾನ್ಯ ಸಂದರ್ಭದಲ್ಲಿ 2,700ರಿಂದ 3,600 ಮೀಟರ್ ಎತ್ತರಕ್ಕೆ ಹೋಗುವ ಸೈನಿಕನಿಗೆ ಒಗ್ಗಿಕೊಳ್ಳಲು 6 ದಿನ ಕೊಡುತ್ತದೆ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. ಅದಕ್ಕಿಂತ ಮೇಲೆ ಹೋಗಬೇಕಾದರೆ ಇನ್ನೂ 4 ದಿನ.

ಇಪ್ಪತ್ತೈದರ ಸೈನಿಕನಿಗೆ ಆರು ದಿನ. ಅರವತ್ತೈದರ ನಮ್ಮಪ್ಪನಿಗೆ ಆರು ಗಂಟೆ! ಈ ಲೆಕ್ಕ ಒಮ್ಮೆ ಮನೆಯಲ್ಲಿ ಕೂತು ಹಾಕಿ ನೋಡಿ.

*ಮೂರು ಹಂತದ ತೊಂದರೆ*

*ಒಂದು: ತಲೆನೋವಿನ ಹಂತ.* ಮೇಲೆ ತಲುಪಿದ 6ರಿಂದ 12 ಗಂಟೆಯಲ್ಲಿ ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ಸುಸ್ತು, ನಿದ್ದೆ ಬಾರದಿರುವುದು. ತುಂಬಾ ಜನರಿಗೆ ಬರುತ್ತದೆ. ಅದೇ ಎತ್ತರದಲ್ಲಿ ವಿಶ್ರಾಂತಿ ಪಡೆದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗುವವರೆಗೆ ಒಂದು ಹೆಜ್ಜೆಯೂ ಮೇಲೆ ಹೋಗಬಾರದು.

*ಎರಡು: ಶ್ವಾಸಕೋಶದಲ್ಲಿ ನೀರು.* ಸಾಮಾನ್ಯವಾಗಿ ಎರಡನೇ ರಾತ್ರಿಯ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಬಿಗಿದುಕೊಂಡ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಶ್ವಾಸಕೋಶದೊಳಗೆ ಸೋರುತ್ತದೆ. ಹೃದಯ ದುರ್ಬಲವಾಗಿದ್ದರೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ, ಒಳ್ಳೆಯ ಹೃದಯ ಇರುವವರಿಗೂ ಆಗುತ್ತದೆ. ಒಣಕೆಮ್ಮು, ಜೊತೆಯವರಿಗಿಂತ ಬೇಗ ಸುಸ್ತು, ಸುಮ್ಮನೆ ಕೂತಾಗಲೂ ಏದುಸಿರು, ಮಲಗಿದರೆ ಉಸಿರು ಕಟ್ಟಿದಂತಾಗುವುದು ಇದರ ಲಕ್ಷಣ. ಮುಂದೆ ನೊರೆ ಕಫ, ನೀಲಿಯಾದ ತುಟಿ. ಜೀವಕ್ಕೆ ಅಪಾಯ.

*ಮೂರು: ಮೆದುಳಿನ ಊತ.* ಕುಡಿದವರ ಹಾಗೆ ತೂರಾಡುವುದು, ತೊದಲುವುದು, ಗೊಂದಲ, ವಿಪರೀತ ಮಂಪರು. ಪರೀಕ್ಷೆ ಸುಲಭ: ನೆಲದ ಮೇಲೆ ಒಂದು ಗೆರೆ ಇದೆ ಎಂದುಕೊಂಡು ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ. ಕೆಳಗೆ ಸರಿಯಾಗಿ ನಡೆಯುತ್ತಿದ್ದವರು ಇಲ್ಲಿ ವಾಲಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಎರಡಕ್ಕೂ ಮೂರಕ್ಕೂ ಮುಖ್ಯ ಔಷಧ ಒಂದೇ: *ಕೆಳಗೆ ಇಳಿಯುವುದು*. ಸಾಮಾನ್ಯವಾಗಿ 300ರಿಂದ 1,000 ಮೀಟರ್ ಇಳಿದರೆ ದೇಹ ಚೇತರಿಸಿಕೊಳ್ಳತೊಡಗುತ್ತದೆ. ಆಕ್ಸಿಜನ್ ಸಿಕ್ಕರೆ ಕೊಡುತ್ತಾ ಇಳಿಸಿ. ರೋಗಿಯನ್ನು ನಡೆಸಬೇಡಿ, ಒಬ್ಬರನ್ನೇ ಕಳಿಸಬೇಡಿ.

*"ಏನಿಲ್ಲ ಬಿಡಪ್ಪ, ಸ್ವಲ್ಪ ಧೂಳು"*

ನಮ್ಮ ಹಿರಿಯರ ಒಂದು ಗುಣ ನಿಮಗೆ ಗೊತ್ತೇ ಇದೆ. ಮಗ ಇಷ್ಟು ಖರ್ಚು ಮಾಡಿ ಕರೆತಂದಿದ್ದಾನೆ, ನನ್ನಿಂದ ಎಲ್ಲರ ಪ್ರವಾಸ ಹಾಳಾಗಬಾರದು ಎಂದು ನೋವನ್ನು ನುಂಗಿಕೊಳ್ಳುತ್ತಾರೆ.

ನಾನು ನೋಡಿದ ಒಬ್ಬ ನಿವೃತ್ತ ಮೇಷ್ಟ್ರು, ವಿಮಾನದಲ್ಲಿ ಲೇಹ್‌ಗೆ ಹೋಗಿ ಅದೇ ಸಂಜೆ ಮಾರುಕಟ್ಟೆ, ಮರುದಿನ ಬೆಳಗ್ಗೆ ಮಠದ ಮೆಟ್ಟಿಲು ಹತ್ತಿದ್ದರು. ಎರಡನೇ ರಾತ್ರಿ ಕೆಮ್ಮು. "ಏನಿಲ್ಲ ಬಿಡಪ್ಪ, ಸ್ವಲ್ಪ ಧೂಳು" ಅಂದರು. ಮಗ ನಂಬಿದ. ಆದರೆ ಗಂಡ ರಾತ್ರಿಯಿಡೀ ಎರಡು ದಿಂಬು ಒರಗಿ ಕೂತೇ ಇದ್ದದ್ದನ್ನು ಅವರ ಹೆಂಡತಿ ನೋಡಿದ್ದರು. ಬೆಳಗ್ಗೆ ಪಾಂಗಾಂಗ್‌ಗೆ ಹೊರಟಿದ್ದ ಕಾರನ್ನು ಆ ತಾಯಿಯೇ ಆಸ್ಪತ್ರೆಗೆ ತಿರುಗಿಸಿದರು. ಶ್ವಾಸಕೋಶದಲ್ಲಿ ನೀರು ಸೇರಿತ್ತು. ಆಕ್ಸಿಜನ್ ಕೊಟ್ಟರು, ಸ್ಥಿರವಾದ ಮೇಲೆ ಕೆಳಗೆ ಕಳಿಸಿದರು, ಉಳಿದರು. ಕಾರು ಪಾಂಗಾಂಗ್‌ಗೇ ಹೋಗಿದ್ದರೆ ಇನ್ನೂ ಸುಮಾರು 800 ಮೀಟರ್ ಮೇಲಕ್ಕೆ, ಆಸ್ಪತ್ರೆಯಿಂದ ಗಂಟೆಗಟ್ಟಲೆ ದೂರಕ್ಕೆ ಹೋಗಿರುತ್ತಿದ್ದರು.

ಹಾಗಾಗಿ ಪ್ರತಿದಿನ ಸಂಜೆ, ಪ್ರತಿದಿನ ಬೆಳಗ್ಗೆ, ಪ್ರತಿಯೊಬ್ಬರನ್ನೂ ಈ ಐದು ಪ್ರಶ್ನೆ ಕೇಳಿ:

1. ತಲೆ ನೋಯುತ್ತಿದೆಯಾ?
2. ಊಟ ಸೇರಿತಾ? ವಾಂತಿ ಬಂದಂತಾಗುತ್ತಿದೆಯಾ?
3. ಕೆಮ್ಮು ಇದೆಯಾ? ಮಲಗಿದರೆ ಉಸಿರು ಕಟ್ಟುತ್ತಾ?
4. ಎದೆ ಹಿಡಿದಂತಾಗುತ್ತಾ, ಎದೆ ಭಾರ ಇದೆಯಾ?
5. ಗೆರೆ ಮೇಲೆ ಹತ್ತು ಹೆಜ್ಜೆ ನಡೆದು ತೋರಿಸಿ.

ಉತ್ತರವನ್ನು ಬಾಯಿಂದ ಮಾತ್ರ ಕೇಳಬೇಡಿ. ತಟ್ಟೆಯಲ್ಲಿ ಎಷ್ಟು ಉಳಿದಿದೆ, ರಾತ್ರಿ ಹೇಗೆ ಮಲಗಿದರು ಎಂದು ಕಣ್ಣಿಂದಲೂ ನೋಡಿ. ಹೊರಡುವ ಮೊದಲೇ ಮನೆಯಲ್ಲಿ ಒಂದು ಮಾತು ಆಗಿರಲಿ: "ಅಪ್ಪ, ನೀವು ಹೇಳಿದರೆ ಪ್ರವಾಸ ಹಾಳಾಗಲ್ಲ. ಹೇಳದಿದ್ದರೆ ಹಾಳಾಗುತ್ತೆ."

*ಪ್ಲಾನ್ ಹೀಗಿರಲಿ*

ನಿಯಮ ಸರಳ. ಮೊದಲ ರಾತ್ರಿ ಸಾಧ್ಯವಾದಷ್ಟು 2,800 ಮೀಟರ್‌ಗಿಂತ ಕೆಳಗೆ ಮಲಗಿ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರ್‌ಗೂ ಹೆಚ್ಚು ಮೇಲೆ ಮಲಗಬೇಡಿ. 3-4 ದಿನಕ್ಕೊಂದು ದಿನ ಬಿಡುವು. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ಅಷ್ಟು ತೊಂದರೆಯಿಲ್ಲ. ಮಲಗುವ ಎತ್ತರ ಮುಖ್ಯ.

*ಲೇಹ್‌ಗೆ ವಿಮಾನದಲ್ಲಿ ಹೋಗುವವರು:* ಮೊದಲ 48 ಗಂಟೆ ಹೋಟೆಲ್, ಸಮತಟ್ಟಾದ ರಸ್ತೆಯಲ್ಲಿ ಸಣ್ಣ ನಡಿಗೆ, ಅಷ್ಟೇ. ಮೂರನೇ ದಿನ ಊರು ಸುತ್ತಿ. ಖಾರ್ದುಂಗ್ ಲಾ, ಪಾಂಗಾಂಗ್ ಆಮೇಲೆ. ರಸ್ತೆಯಲ್ಲಿ ಹೋಗುವವರಿಗೆ ಶ್ರೀನಗರ-ಕಾರ್ಗಿಲ್ ದಾರಿ ನಿಧಾನವಾಗಿ ಏರುತ್ತದೆ. ಮನಾಲಿ ದಾರಿಯಲ್ಲಿ ಸರ್ಚುವಿನಲ್ಲಿ ತಂಗಿದರೆ ಒಂದೇ ದಿನಕ್ಕೆ ಸುಮಾರು 2,000 ಮೀಟರ್‌ನಿಂದ 4,200 ಮೀಟರ್ ಮೇಲಕ್ಕೆ ಹೋದಂತೆ. ಹಿರಿಯರ ಜೊತೆ ಅದು ಬೇಡ.

*ಕೇದಾರಕ್ಕೆ ನಡೆದು ಹೋಗುವವರು:* ಗೌರಿಕುಂಡದಿಂದ ಸುಮಾರು 16 ಕಿ.ಮೀ. ನಡಿಗೆ, 1,600 ಮೀಟರ್ ಏರು. ಋಷಿಕೇಶದಿಂದ ನೇರ ಬಂದು ಮರುದಿನವೇ ಹತ್ತಬೇಡಿ. ಗುಪ್ತಕಾಶಿ, ಸೋನ್‌ಪ್ರಯಾಗದ ಸುತ್ತ ಒಂದೆರಡು ರಾತ್ರಿ ತಂಗಿ. ಹತ್ತುವುದನ್ನು ಎರಡು ದಿನಕ್ಕೆ ಹಂಚಿ. ಕುದುರೆ, ಡೋಲಿಯಲ್ಲಿ ಹೋದರೆ ಕಾಲಿಗೆ ಸುಖ, ಶ್ವಾಸಕೋಶಕ್ಕೆ ಎತ್ತರ ಅದೇ. ಹೆಲಿಕಾಪ್ಟರ್‌ನಲ್ಲಿ ಹೋಗುವ ಹಿರಿಯರು ದರ್ಶನ ಮುಗಿಸಿ ಅದೇ ದಿನ ಇಳಿಯುವುದು, ರಾತ್ರಿ ಅಲ್ಲೇ ತಂಗುವುದಕ್ಕಿಂತ ಮೇಲು.

*ಹೃದಯದ ತೊಂದರೆ ಇರುವವರು ಹೋಗಬಹುದಾ?*

ಸ್ಟೆಂಟ್, ಬೈಪಾಸ್, ಪೇಸ್‌ಮೇಕರ್ ಇದ್ದ ಮಾತ್ರಕ್ಕೆ "ಬೇಡ" ಎಂದು ನಾನು ಹೇಳುವುದಿಲ್ಲ. ಬಿಪಿ ಹಿಡಿತದಲ್ಲಿದ್ದು, ತಿಂಗಳುಗಳಿಂದ ಎದೆನೋವಿಲ್ಲದೆ, ಎರಡು-ಮೂರು ಮಹಡಿ ನಿಲ್ಲದೆ ಹತ್ತಬಲ್ಲ, ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿರುವ ಅನೇಕರು ನಿಧಾನವಾಗಿ ಹೋಗಿ ಸುಖವಾಗಿ ಬಂದಿದ್ದಾರೆ.

ಈ ಕೆಳಗಿನವರು ಮಾತ್ರ ಈ ವರ್ಷಕ್ಕೆ ಬಿಡಿ, ಅಥವಾ ನಿಮ್ಮ ಹೃದ್ರೋಗ ತಜ್ಞರು ಒಪ್ಪಿದ ಮೇಲಷ್ಟೇ ಹೊರಡಿ:

• ಇತ್ತೀಚಿನ ತಿಂಗಳುಗಳಲ್ಲಿ ಹೃದಯಾಘಾತ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆದವರು
• ಸ್ವಲ್ಪ ನಡೆದರೂ ಎದೆನೋವು, ಏದುಸಿರು ಬರುವವರು
• ಹೃದಯದ ಪಂಪಿಂಗ್ ಕಡಿಮೆಯಿದ್ದು ಕಾಲು ಊದುವವರು
• ಕವಾಟ ತುಂಬಾ ಕಿರಿದಾಗಿರುವವರು, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಿರುವವರು
• ಬಿಪಿ ಅಥವಾ ಹೃದಯ ಬಡಿತದ ಲಯ ಹಿಡಿತದಲ್ಲಿಲ್ಲದವರು
• ತೀವ್ರ ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು, ಗರ್ಭಿಣಿಯರು

ಹೋಗುವವರು ಎರಡು ತಿಂಗಳು ಮೊದಲೇ ದಿನಕ್ಕೆ 45 ನಿಮಿಷ ನಡಿಗೆ, ಅಪಾರ್ಟ್‌ಮೆಂಟಿನ ಮೆಟ್ಟಿಲು ಅಭ್ಯಾಸ ಮಾಡಿ. ಆ ಮೆಟ್ಟಿಲ ಮೇಲೆ ಎದೆ ಹಿಡಿದರೆ ಅದು ಮನೆಯಲ್ಲೇ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು.

*ಮಾತ್ರೆಗಳ ವಿಚಾರ*

• ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. "ದರ್ಶನ ಆಗುವವರೆಗೆ ನೀರೂ ಮುಟ್ಟಲ್ಲ" ಎನ್ನುವ ಉಪವಾಸ ಇಲ್ಲಿ ಬೇಡ, ಶುಗರ್ ಇರುವವರಿಗಂತೂ ಬೇಡವೇ ಬೇಡ.
• ಮಾತ್ರೆಗಳನ್ನು ಎರಡು ಬ್ಯಾಗ್‌ಗಳಲ್ಲಿ ಹಂಚಿ ಇಡಿ. ಒಂದು ಬ್ಯಾಗ್ ಕುದುರೆಯ ಜೊತೆ ಮುಂದೆ ಹೋದರೂ ಇನ್ನೊಂದು ಇರುತ್ತದೆ.
• ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಅಂಗಿಯ ಒಳಜೇಬಿನಲ್ಲಿಡಿ.
• ಅಸೆಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ, ದಿನಕ್ಕೆರಡು ಸಲ. ಕಿಡ್ನಿ ತೊಂದರೆ, ಸಲ್ಫಾ ಅಲರ್ಜಿ ಇರುವವರಿಗೆ, ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಎಲ್ಲರ ಲೆಕ್ಕ ಹೊಂದುವುದಿಲ್ಲ. ವೈದ್ಯರನ್ನು ಕೇಳದೆ ಬೇಡ. ಮಾತ್ರೆ ನುಂಗಿದ್ದೇವೆಂದು ಬೇಗ ಏರುವಂತೆಯೂ ಇಲ್ಲ.
• ಕೆಲವು ಚಾರಣಿಗರು ಎತ್ತರಕ್ಕೆಂದು ಸಿಲ್ಡೆನಾಫಿಲ್ ಮಾತ್ರೆ ಇಟ್ಟುಕೊಳ್ಳುತ್ತಾರೆ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಜೊತೆ ಅದು ಸೇರಿದರೆ ಬಿಪಿ ಅಪಾಯಕರವಾಗಿ ಕುಸಿಯುತ್ತದೆ.
• ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ರಾತ್ರಿಯ ಉಸಿರಾಟವನ್ನು ಇನ್ನಷ್ಟು ತಗ್ಗಿಸುತ್ತವೆ.

*ಕರ್ಪೂರ ಮೂಸಿದರೆ ಆಕ್ಸಿಜನ್ ಏರುತ್ತದಾ?*

ಪ್ರತಿ ವರ್ಷ ನನಗೇ ನಾಲ್ಕಾರು ಜನ ಫಾರ್ವರ್ಡ್ ಮಾಡುವ ಸಂದೇಶ ಇದು. ಏರುವುದಿಲ್ಲ. ಮೂಗು ತೆರೆದಂತೆ ಅನಿಸುತ್ತದೆ, ರಕ್ತದ ಆಕ್ಸಿಜನ್ ಅಲ್ಲೇ ಇರುತ್ತದೆ. ಸಣ್ಣ ಮಕ್ಕಳ ಹೊಟ್ಟೆಗೆ ಕರ್ಪೂರ ಹೋದರೆ ವಿಷ. ಅಂಗಡಿಯಲ್ಲಿ ಸಿಗುವ 10 ಲೀಟರ್ ಆಕ್ಸಿಜನ್ ಡಬ್ಬಿ ನಿಮಿಷಕ್ಕೆ 2 ಲೀಟರ್‌ನಂತೆ 5 ನಿಮಿಷ ಬರುತ್ತದೆ. ಇಳಿಯುವುದಕ್ಕೆ ಅದು ಬದಲಿಯಾಗಲಾರದು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಒಳ್ಳೆಯದು. ಲೇಹ್‌ನಲ್ಲಿ ಮೊದಲ ದಿನಗಳಲ್ಲಿ 85-90 ತೋರಿಸಿದರೆ ಗಾಬರಿ ಬೇಡ. ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಿ. ಜೊತೆಯವರಿಗಿಂತ ತುಂಬಾ ಕಡಿಮೆಯಿದ್ದು ಏದುಸಿರೂ ಇದ್ದರೆ ಕೂಡಲೇ ಆಸ್ಪತ್ರೆ. ಸಂಖ್ಯೆ ಚೆನ್ನಾಗಿದ್ದು ಮನುಷ್ಯ ಚೆನ್ನಾಗಿಲ್ಲದಿದ್ದರೆ ಮನುಷ್ಯನನ್ನು ನಂಬಿ.

*ಚಳಿ ಮತ್ತು ಸ್ನಾನ*

ಪ್ರತಿ 1,000 ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಎದೆನೋವು ಬೇಗ ಬರುತ್ತದೆ. ಚೆನ್ನೈ, ಹೈದರಾಬಾದಿನ ಬಿಸಿಲಿನಿಂದ ಹೋದವರು ಗಂಗೋತ್ರಿಯ ಹಿಮದ ನೀರಿನಲ್ಲಿ ದಿಢೀರನೆ ಮುಳುಗಬೇಡಿ, ಪ್ರೋಕ್ಷಣೆ ಸಾಕು. ಬದರಿಯ ತಪ್ತಕುಂಡದ ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಕೂತು ದಿಢೀರನೆ ಎದ್ದರೆ ಬಿಪಿ ಇಳಿದು ತಲೆಸುತ್ತಿ ಬೀಳಬಹುದು. ಪಕ್ಕದಲ್ಲಿ ಒಬ್ಬರು ಇರಲಿ.

*ಕನ್ನಡ ಮಾತ್ರ ಬರುವ ಹಿರಿಯರಿಗೆ ಒಂದು ಚೀಟಿ*

ಸಾಲಿನಲ್ಲಿ ಅಮ್ಮ ನಿಮ್ಮಿಂದ ತಪ್ಪಿಸಿಕೊಂಡರು, ಎದೆ ನೋವು ಶುರುವಾಯಿತು, ಸುತ್ತ ಇರುವವರೆಲ್ಲ ಹಿಂದಿಯವರು. ಏನು ಹೇಳಬೇಕು? ಈ ನಾಲ್ಕು ಮಾತು ಕಲಿಸಿ, ಕನ್ನಡ ಅಕ್ಷರದಲ್ಲೇ ಬರೆದು ಕೊಡಿ:

• ಎದೆ ನೋವು: "ಛಾತೀ ಮೇ ದರ್ದ್ ಹೈ"
• ಏದುಸಿರು: "ಸಾಂಸ್ ಫೂಲ್ ರಹೀ ಹೈ"
• ತಲೆಸುತ್ತು: "ಚಕ್ಕರ್ ಆ ರಹಾ ಹೈ"
• ಕೆಳಗೆ ಕರೆದೊಯ್ಯಿ: "ನೀಚೇ ಲೇ ಚಲಿಯೇ"

ಅದೇ ಚೀಟಿಯ ಹಿಂದೆ ಹೆಸರು, ಕಾಯಿಲೆ, ಮಾತ್ರೆಗಳ ಹೆಸರು, ನಿಮ್ಮ ಫೋನ್ ನಂಬರನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆದು ಕೊರಳಿನ ಚೀಲದಲ್ಲಿಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್, ಕಾಶ್ಮೀರದಲ್ಲಿ ನಡೆಯುವುದಿಲ್ಲ. ಗುಂಪಿನಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ತುರ್ತಿಗೆ 112.

*ಎದೆನೋವು ಬಂದೇಬಿಟ್ಟರೆ*

ನಿಲ್ಲಿಸಿ, ಕೂರಿಸಿ, ಬೆಚ್ಚಗಿಡಿ. ಇನ್ನು ಒಂದು ಹೆಜ್ಜೆಯೂ ನಡೆಸಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ, ಕೂತುಕೊಂಡೇ. ಯಾತ್ರಾ ದಾರಿಯ ವೈದ್ಯಕೀಯ ಕೇಂದ್ರಕ್ಕೆ ಹೊತ್ತುಕೊಂಡು ಹೋಗಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ ಕಾಯಬೇಡಿ.

*ಪುಣೆ, ಮುಂಬೈಯ ಚಾರಣಿಗರಿಗೆ*

ಸಹ್ಯಾದ್ರಿಯಲ್ಲಿ ಈ ಎತ್ತರದ ಕಾಯಿಲೆ ಇಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ ಶಿಖರವೇ 1,646 ಮೀಟರ್. ಅಲ್ಲಿನ ಅಪಾಯ ಬೇರೆ: ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಒಂದೇ ಉಸಿರಿಗೆ ರಾಜಗಡ, ತೋರಣಾ ಹತ್ತುವುದು. ನಲವತ್ತು ದಾಟಿದವರು, ಬಿಪಿ-ಶುಗರ್ ಇರುವವರು, ಸಿಗರೇಟು ಸೇದುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಹತ್ತುವುದು ಮುಗಿಸಿ. ಮಳೆಗಾಲದಲ್ಲಿ ಜಾರುವ ಬಂಡೆ, ಏಕಾಏಕಿ ಏರುವ ಹಳ್ಳ ನೋಡಿದರೆ ಹಿಂತಿರುಗಿ.

*ಕೊನೆಯ ಮಾತು*

ಈ ಲೇಖನದಿಂದ ಮೂರು ಸಾಲು ನೆನಪಿಟ್ಟರೂ ಸಾಕು.

✅ ತಲೆನೋವಿದ್ದರೆ ಮೇಲೆ ಹೋಗಬೇಡಿ.
✅ ಹೆಚ್ಚಾಗುತ್ತಿದ್ದರೆ ಕೂಡಲೇ ಇಳಿಯಿರಿ, ರಾತ್ರಿಯಾದರೂ ಸರಿ.
✅ ಟಿಕೆಟ್ ಬುಕ್ ಮಾಡುವ ಮೊದಲು ಎರಡು ದಿನ ರಜೆ ಹೆಚ್ಚು ಕೇಳಿ.

ರಜೆ ಸಿಗದಿದ್ದರೆ ಈ ಸಲ ಹರಿದ್ವಾರ, ಋಷಿಕೇಶ ನೋಡಿಕೊಂಡು ಬನ್ನಿ. ಕೇದಾರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅಪ್ಪ-ಅಮ್ಮನೂ ಇರಬೇಕಲ್ಲವೇ?

ಯಾತ್ರೆಗೆ, ಚಾರಣಕ್ಕೆ ಹೊರಟಿರುವ ನಿಮ್ಮ ಬಂಧುಗಳಿಗೆ, ಕನ್ನಡ ಸಂಘದ ಗುಂಪುಗಳಿಗೆ ಇದನ್ನು ಕಳಿಸಿ. ನಿಮ್ಮ ನಿಮ್ಮ ಮಾತ್ರೆಯ ಪ್ರಮಾಣವನ್ನು ಮಾತ್ರ ನಿಮ್ಮ ವೈದ್ಯರನ್ನೇ ಕೇಳಿ ತಿಳಿಯಿರಿ.

ಶುಭ ಪ್ರಯಾಣ. 🙏